ಹಳ್ಳಿಯಿಂದ ಬಸ್ಸಲ್ಲಿ ಓಡಾಡುವ ಮಗಳಿಗೆ ಸಿಇಟಿ ಟೈಮ್‌ಟೇಬಲ್ ಹೇಗೆ ಹಾಕಲಿ?

ತೋಟದಮನೆ ಅಮ್ಮ · ಜೂನ್ 27

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ತಾಲೂಕು, ದೇವಿಮನೆ ಘಟ್ಟದ ಕಡೆ. ಮಗಳು ಶಿರಸಿಯಲ್ಲಿ ಸೆಕೆಂಡ್ ಪಿಯು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಬೆಳಿಗ್ಗೆ 7.15ರ ಬಸ್ಸಿಗೆ ಹೋದರೆ ಮನೆ ಮುಟ್ಟುವಾಗ ಸಂಜೆ 6 ಗಂಟೆ. ಮಳೆ ಜೋರಾದರೆ 7 ಆದರೂ ಆಯಿತು.

ಮೊನ್ನೆ ಯಾರೋ ಆನ್‌ಲೈನ್ ಕೋಚಿಂಗ್‌ನವರ ಟೈಮ್‌ಟೇಬಲ್ ಪಿಡಿಎಫ್ ವಾಟ್ಸಾಪಿನಲ್ಲಿ ಬಂತು. 4.30ಕ್ಕೆ ಏಳಬೇಕಂತೆ, ರಾತ್ರಿ 11ರ ತನಕ ಓದಬೇಕಂತೆ. ದಿನಕ್ಕೆ 14 ಗಂಟೆ. ಕಾಲೇಜಿಗೆ ಹೋಗಿ ಬರುವ ಹೊತ್ತು ಅದರಲ್ಲಿ ಎಲ್ಲೂ ಇಲ್ಲ. ನಮ್ಮಲ್ಲಿ ಈಗ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡದ ಮೇಲಿನ ತಿರುವಿಗೆ ಹೋಗಿ ನಿಲ್ಲಬೇಕು. ನವೆಂಬರ್ ಕೊನೆಗೆ ಅಡಿಕೆಯ ಕೊನೆಕೊಯ್ಲು ಶುರುವಾದರೆ ಮನೆ ತುಂಬ ಜನ, ರಾತ್ರಿ ಅಡಿಕೆ ಸುಲಿಯುವ ಗದ್ದಲ. ಇವರಿಗೆ ಮಗಳು ಇಂಜಿನಿಯರಿಂಗ್ ಮಾಡಲಿ ಎಂದು ಆಸೆ.

ಇಷ್ಟರೊಳಗೆ ಹೇಗೆ ಹೊಂದಿಸುವುದು? ಮನೆಯಿಂದಲೇ ಓಡಾಡಿ ಸಿಇಟಿ ಬರೆದ ಮಕ್ಕಳಿದ್ದರೆ, ಅಥವಾ ಅವರ ಮನೆಯವರಿದ್ದರೆ ದಯವಿಟ್ಟು ಹೇಳಿ.

ಹೊನ್ನಾವರ ಮಾಮ · ಜೂನ್ 27

ತಂಗೀ, ಟೈಮ್‌ಟೇಬಲ್ ಎಲ್ಲ ಸುಮ್ನೆ. ಮಗಳನ್ನು ದಕ್ಷಿಣ ಕನ್ನಡದ ಯಾವುದಾದರೂ ವಸತಿ ಕಾಲೇಜಿಗೆ ಹಾಕಬೇಕಿತ್ತು. ನಮ್ಮ ಅಕ್ಕನ ಮಗ ಅಲ್ಲೇ ಇದ್ದ. ಊಟ, ಓದು, ನಿದ್ದೆ ಎಲ್ಲ ಗಂಟೆ ಹೊಡೆದ ಹಾಗೆ. ಮನೆಯಲ್ಲಿದ್ದರೆ ಇವತ್ತು ಒಂದು ಮದುವೆ, ನಾಳೆ ಒಂದು ಯಕ್ಷಗಾನದ ಆಟ. ಓದು ಎಲ್ಲಿ ಆಗುತ್ತದೆ?

ಮಾಜಾಳಿ ಹಾಸ್ಟೆಲ್ · ಜೂನ್ 27

ಮಾಮ, ಅವರು ಕೇಳಿದ್ದು ಸೆಕೆಂಡ್ ಪಿಯು ಶುರುವಾದ ಮೇಲೆ ಏನು ಮಾಡಬೇಕು ಎಂದು. "ಹಾಕಬೇಕಿತ್ತು" ಅಂದರೆ ಈಗ ಯಾರಿಗೆ ಉಪಯೋಗ?

ನಾನು ಅಂಕೋಲೆ ಕಡೆಯವಳು. ಮನೆಯಿಂದಲೇ ಪಿಯು ಓದಿ ಈಗ ಕಾರವಾರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ರಾತ್ರಿ ವಿವರವಾಗಿ ಬರೆಯುತ್ತೇನೆ ಅಕ್ಕಾ. ಈಗ ಲ್ಯಾಬ್ ಇದೆ.

ಕಾರವಾರ ಗಣಿತ ಮೇಷ್ಟ್ರು · ಜೂನ್ 27

ಅಮ್ಮಾ, ಪಿಯು ಮಕ್ಕಳಿಗೆ ಗಣಿತ ಹೇಳಿಯೇ ನನ್ನ ತಲೆ ಬೆಳ್ಳಗಾಗಿದೆ. ಈಗ ನಿವೃತ್ತ. ಆ ಪಿಡಿಎಫ್ ಅಳಿಸಿಬಿಡಿ. ಅದು ಹಾಸ್ಟೆಲಿನಲ್ಲಿ ಕೂತವರಿಗೆ, ಇಲ್ಲವೇ ಪಿಯು ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಬರೆಯುವವರಿಗೆ ಮಾಡಿದ್ದು.

ಮೊದಲು ಪರೀಕ್ಷೆ ಹೇಗಿದೆ ನೋಡೋಣ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಈ ಮೂರರ ಸಿಇಟಿ ಅಂಕ ಅರ್ಧ, ಇವೇ ಮೂರರ ಸೆಕೆಂಡ್ ಪಿಯು ಅಂಕ ಇನ್ನರ್ಧ. ತುಂಬ ಮನೆಗಳಲ್ಲಿ ಇದನ್ನೇ ಮರೆಯುತ್ತಾರೆ. ಕಾಲೇಜು ಬೇರೆ, ಸಿಇಟಿ ಬೇರೆ ಎಂದು ಎರಡು ಟೈಮ್‌ಟೇಬಲ್ ಹಾಕಿಕೊಂಡು ಎರಡನ್ನೂ ಅರ್ಧ ಮಾಡುತ್ತಾರೆ. ಕಾಲೇಜಿನ ಪಾಠವನ್ನು ಅವತ್ತಿನದು ಅವತ್ತೇ ಓದಿದರೆ ಅದೇ ಸಿಇಟಿ ಓದು. ಪುಸ್ತಕವೂ ಒಂದೇ. ನಮ್ಮ ಪಿಯು ವಿಜ್ಞಾನಕ್ಕೆ ಇರುವುದು ಎನ್‌ಸಿಇಆರ್‌ಟಿ ಪಠ್ಯ ತಾನೇ.

ಸಿಇಟಿಗೆಂದು ಹೆಚ್ಚಿಗೆ ಬೇಕಾಗುವುದು ಎರಡೇ. ಒಂದು, ಫಸ್ಟ್ ಪಿಯು ಪಾಠ. ಇನ್ನೊಂದು, ವೇಗ.

ಈಗ ಲೆಕ್ಕ. ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್ 14 ಪಾಠ, ಕೆಮಿಸ್ಟ್ರಿ 10, ಮ್ಯಾಥ್ಸ್ 13. ಒಟ್ಟು 37. ಇವು ಹೇಗೂ ಕಾಲೇಜಿನಲ್ಲಿ ನಡೆಯುತ್ತವೆ. ಫಸ್ಟ್ ಪಿಯುನಲ್ಲಿ 14, 9, 14. ಅದೂ ಒಟ್ಟು 37. ಇವನ್ನು ಈ ವರ್ಷ ಕಾಲೇಜಿನಲ್ಲಿ ಯಾರೂ ಮುಟ್ಟುವುದಿಲ್ಲ, ಮನೆಯಲ್ಲೇ ಆಗಬೇಕು. ಜುಲೈ ಮೊದಲ ವಾರದಿಂದ ನವೆಂಬರ್ ಮಧ್ಯದವರೆಗೆ ಹತ್ತಿರ ಹತ್ತಿರ 20 ವಾರ ಇದೆ. ವಾರಕ್ಕೆ ಎರಡು ಪಾಠ ಹಿಡಿದರೆ ನಿಮ್ಮ ಕೊನೆಕೊಯ್ಲಿಗೆ ಮೊದಲೇ ಫಸ್ಟ್ ಪಿಯು ಒಂದು ಸುತ್ತು ಮುಗಿಯುತ್ತದೆ. ವಾರಕ್ಕೆ ಎರಡು ಎಂದರೆ ಹೆದರುವಂಥದ್ದಲ್ಲ. ಸೆಟ್ಸ್, ಸ್ಟ್ಯಾಟಿಸ್ಟಿಕ್ಸ್ ಒಂದು ಸಂಜೆಗೆ ಆಗುತ್ತವೆ. ರೊಟೇಷನಲ್ ಮೋಷನ್, ಈಕ್ವಿಲಿಬ್ರಿಯಂ ಮಾತ್ರ ಒಂದೊಂದೇ ಇಡೀ ವಾರ ತಿನ್ನುತ್ತವೆ. ಸಣ್ಣದರ ಜೊತೆ ದೊಡ್ಡದನ್ನು ಜೋಡಿಸಿ.

ಇನ್ನು ನೀವು ನನಗೆ ಹೇಳಬೇಕು. ಮಗಳಿಗೆ ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ? ಆಸೆಯ ಲೆಕ್ಕ ಬೇಡ. ಹೋದ ವಾರ ಎಷ್ಟು ಹೊತ್ತು ಕೂತಳು? ಯಾವ ವಿಷಯ ಕಷ್ಟ? ರಾತ್ರಿ ಎಷ್ಟು ಗಂಟೆಗೆ ಕಣ್ಣು ಎಳೆಯುತ್ತದೆ?

ಹೊನ್ನಾವರ ಮಾಮ · ಜೂನ್ 27

ಮೇಷ್ಟ್ರೆ, ಲೆಕ್ಕ ಚೆನ್ನಾಗಿದೆ. ಆದರೆ ಜುಲೈಯಲ್ಲಿ ಓದಿದ್ದು ಏಪ್ರಿಲ್‌ಗೆ ತಲೆಯಲ್ಲಿ ಉಳಿಯುತ್ತದಾ?

ಕಾರವಾರ ಗಣಿತ ಮೇಷ್ಟ್ರು · ಜೂನ್ 27

ಉಳಿಯುವುದಿಲ್ಲ. ನೀವು ತೋಟ ಇದ್ದವರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಒಂದೇ ಸಲ ಹೊಡೆದು ಕೈತೊಳೆದುಕೊಳ್ಳುತ್ತೀರಾ? ಮಳೆಗೆ ಮೊದಲು ಒಂದು ಸಲ, 40 ದಿನ ಬಿಟ್ಟು ಮತ್ತೊಂದು ಸಲ. ಇದೂ ಹಾಗೆಯೇ. ಎರಡನೇ ಸುತ್ತಿಗೆ ಪಾಠ ಮತ್ತೆ ಓದುವುದು ಬೇಡ. ಹಳೇ ಪ್ರಶ್ನೆ ಬಿಡಿಸುವುದೇ ಆ ಸುತ್ತು.

ಮಾಜಾಳಿ ಹಾಸ್ಟೆಲ್ · ಜೂನ್ 27, ರಾತ್ರಿ

ಅಕ್ಕಾ, ಬಂದೆ.

ಮೇಷ್ಟ್ರು ಹೇಳಿದ ವೇಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. 60 ಪ್ರಶ್ನೆಗೆ 80 ನಿಮಿಷ ಎಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವುದೂ ಅದರಲ್ಲೇ. ಕಾಲೇಜಿನಲ್ಲಿ ಇಂಟಿಗ್ರೇಷನ್ ಲೆಕ್ಕ ಐದು ಅಂಕಕ್ಕೆ ಒಂದು ಪುಟ ಬರೆದು ರೂಢಿಯಾಗಿರುತ್ತದೆ. ಇಲ್ಲಿ ಹಾಗೆ ಬರೆಯುತ್ತ ಕೂತರೆ 35ನೇ ಪ್ರಶ್ನೆಗೆ ಗಂಟೆ ಹೊಡೆಯುತ್ತದೆ. ಆಯ್ಕೆಗಳನ್ನೇ ತಿರುಗಿಸಿ ಡಿಫರೆನ್ಷಿಯೇಟ್ ಮಾಡಿ ನೋಡುವುದು, ಸೊನ್ನೆ ಅಥವಾ ಒಂದು ಹಾಕಿ ನೋಡುವುದು, ಯೂನಿಟ್ ಹೊಂದದ ಉತ್ತರ ಹೊಡೆದುಹಾಕುವುದು. ಇವೆಲ್ಲ ಕೈಗೆ ಬರಬೇಕಾದರೆ ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಬೇಕು. ಇದನ್ನು ಏಪ್ರಿಲ್‌ಗೆ ಇಡಬೇಡಿ.

ಹಳೇ ಪ್ರಶ್ನೆಪತ್ರಿಕೆ ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಕೀ ಉತ್ತರದ ಜೊತೆ ಸಿಗುತ್ತವೆ. ಒಮ್ಮೆ ಶಿರಸಿಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಪ್ರಿಂಟ್ ಹಾಕಿಸಿ ಇಟ್ಟುಬಿಡಿ. ಆಮೇಲೆ ಸಿಗ್ನಲ್ಲಿನ ಗೋಜೇ ಇಲ್ಲ.

ಒಂದು ಎಚ್ಚರಿಕೆ. ಹಳೇ ಪತ್ರಿಕೆಗಳಲ್ಲಿ ಈಗ ಪಠ್ಯದಿಂದ ಕೈಬಿಟ್ಟ ಪಾಠಗಳ ಪ್ರಶ್ನೆಗಳೂ ಇರುತ್ತವೆ. 2024ರ ಸಿಇಟಿಯಲ್ಲೇ ಅಂಥವು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆ ಬಿಟ್ಟು ಮೌಲ್ಯಮಾಪನ ಮಾಡಿದರು. ಹಾಗಾಗಿ ಈ ವರ್ಷದ ಸಿಲೆಬಸ್ ಪಕ್ಕದಲ್ಲಿಟ್ಟುಕೊಂಡು, ಇಲ್ಲದ್ದನ್ನು ಪೆನ್ಸಿಲ್ಲಿನಲ್ಲಿ ಹೊಡೆದು ಆಮೇಲೆ ಬಿಡಿಸಲು ಕೂರಬೇಕು. ನಮ್ಮ ಕ್ಲಾಸಿನ ಒಬ್ಬ ಇಲ್ಲದ ಪಾಠ ಓದಿ ಓದಿ ಅದರಲ್ಲೇ ಪಂಡಿತ ಆಗಿದ್ದ!

ತೋಟದಮನೆ ಅಮ್ಮ · ಜೂನ್ 28

ಎಲ್ಲರಿಗೂ ತುಂಬ ಉಪಕಾರ ಆಯಿತು. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ: ಮ್ಯಾಥ್ಸ್ ಚೆನ್ನಾಗಿ ಮಾಡುತ್ತಾಳೆ. ಫಿಸಿಕ್ಸ್ ಅಂದರೆ ಮುಖ ಸಣ್ಣದಾಗುತ್ತದೆ. ಸಂಜೆ ಬಂದು, ಕಾಲು ತೊಳೆದು, ಚಾ ಕುಡಿದು ಕೂರುವಾಗ 7. ಊಟ 8.30ಕ್ಕೆ. ಆಮೇಲೆ 10ರ ತನಕ ಕೂತರೆ ಹೆಚ್ಚು. ಬೆಳಿಗ್ಗೆ 5.30ಕ್ಕೆ ಎಬ್ಬಿಸಿದರೆ ಏಳುತ್ತಾಳೆ, ಆದರೆ ಪುಸ್ತಕದ ಮೇಲೇ ತೂಕಡಿಸುತ್ತಾಳೆ. ಬಸ್ಸಿನಲ್ಲಿ ಓದು ಅಂದರೆ ವಾಂತಿ ಬರುತ್ತದೆ ಅನ್ನುತ್ತಾಳೆ. ನಮ್ಮ ಕಡೆ ತಿರುವುಗಳು ನಿಮಗೆ ಗೊತ್ತಲ್ಲ.

ಯಲ್ಲಾಪುರ ಬಯಾಲಜಿ · ಜೂನ್ 28

ಮಗಳು ಮೆಡಿಕಲ್‌ಗೆಂದು ನೀಟ್ ಬರೆಯುತ್ತಾಳಾ ಅಕ್ಕಾ? ಪಿಸಿಎಂಬಿ ಅಂದಿರಿ, ಅದಕ್ಕೆ ಕೇಳಿದೆ. ಅದಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, 3 ಗಂಟೆ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. 180ರಲ್ಲಿ 90 ಬಯಾಲಜಿಯೇ. ಪಿಯು ಅಂಕ ರ‍್ಯಾಂಕಿಗೆ ಬರುವುದಿಲ್ಲ, ನೀಟ್ ಅಂಕ ಒಂದೇ. ಸಿಇಟಿಗೆ ಗೊತ್ತಿಲ್ಲದಿದ್ದರೂ ಗುಂಡಿ ತುಂಬಿ ಬರಬೇಕು. ನೀಟ್‌ಗೆ ಹಾಗೆ ಮಾಡಿದರೆ ಮುಳುಗಿದ ಹಾಗೆ. ಕಾರವಾರದ ಮೆಡಿಕಲ್ ಕಾಲೇಜು ಮನಸ್ಸಿನಲ್ಲಿದ್ದರೆ ಮೊದಲೇ ತೀರ್ಮಾನ ಮಾಡಿ. ನೀಟ್, ಜೆಇಇ, ಸಿಇಟಿ ಮೂರಕ್ಕೂ ಒಟ್ಟಿಗೆ ತಯಾರಿ ಮಾಡುತ್ತೇನೆ ಅನ್ನುವವರನ್ನು ನೋಡಿದರೆ ನನಗೆ ಸುಸ್ತಾಗುತ್ತದೆ.

ತೋಟದಮನೆ ಮಗಳು · ಜೂನ್ 28

ನಮಸ್ತೆ. ಇವರು ಹೇಳುತ್ತಿರುವ ಮಗಳು ನಾನೇ. ಅಮ್ಮನ ಫೋನಿನಲ್ಲಿ ಇದು ತೆರೆದೇ ಇತ್ತು. ನನ್ನ ಹತ್ತಿರ ಯಾರೂ ಏನೂ ಕೇಳಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

1. ನೀಟ್ ಬರೆಯುವುದಿಲ್ಲ.
2. ಇಂಜಿನಿಯರಿಂಗ್ ಅಪ್ಪನ ಆಸೆ. ನನಗೆ ಶಿರಸಿಯ ಅರಣ್ಯ ಕಾಲೇಜಿಗೆ ಹೋಗಬೇಕು. ಫಸ್ಟ್ ಪಿಯುನಿಂದ ಹೇಳುತ್ತಿದ್ದೇನೆ.
3. ಬೆಳಿಗ್ಗೆ 5.30ಕ್ಕೆ ಬಯಾಲಜಿ ಕೊಟ್ಟರೆ ನಿದ್ದೆ ಬರುತ್ತದೆ, ಲೆಕ್ಕ ಕೊಟ್ಟರೆ ಬರುವುದಿಲ್ಲ. ಅಮ್ಮ ಬಯಾಲಜಿಯನ್ನೇ ಕೊಡುತ್ತಾರೆ.
4. ಅಡಿಕೆ ಸುಲಿಯುವಾಗ ಗದ್ದಲ ಆದರೆ ನನಗೇನೂ ತೊಂದರೆ ಇಲ್ಲ. ನಾನೂ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತೇನೆ. ಅಜ್ಜಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಹೇಳುತ್ತೇನೆ. ಅವರು ಹೂಂಗುಡುತ್ತಾರೆ.

ಮಾಜಾಳಿ ಹಾಸ್ಟೆಲ್ · ಜೂನ್ 28

ಹಹ್ಹಾ. ತಂಗೀ, ನೀನು ಮೊದಲ ದಿನವೇ ಬರಬೇಕಿತ್ತು.

ತೋಟದಮನೆ ಅಮ್ಮ · ಜೂನ್ 28

ಈಗ ನಾನು ಏನು ಹೇಳಲಿ. ಕೂತು ಮಾತಾಡಿದೆವು. ಅವಳ ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಎರಡಕ್ಕೂ ಆಗುವ ಹಾಗೆ ಓದಲಿ ಅಂದರು. ಅದು ಆಗುತ್ತದಾ ಮೇಷ್ಟ್ರೆ?

ಕಾರವಾರ ಗಣಿತ ಮೇಷ್ಟ್ರು · ಜೂನ್ 28

ಆಗುತ್ತದೆ. ಸಿಇಟಿ ಒಂದೇ ಪರೀಕ್ಷೆ, ನಾಲ್ಕು ಪೇಪರ್, ಎರಡು ದಿನ. ನಾಲ್ಕೂ ಬರೆದರೆ ಎರಡೂ ಬಾಗಿಲು ತೆರೆದಿರುತ್ತವೆ. ಜಗಳವನ್ನು ಸೀಟು ಸಿಕ್ಕಿದ ಮೇಲೆ ಮುಂದುವರಿಸಬಹುದು.

ಆದರೆ ಬಯಾಲಜಿ ಈಗ ಲೆಕ್ಕಕ್ಕೆ ಬಂತು. ಫಸ್ಟ್ ಪಿಯುನಲ್ಲಿ 19 ಪಾಠ, ಸೆಕೆಂಡ್ ಪಿಯುನಲ್ಲಿ 13. ಅಂದರೆ ಮನೆಯಲ್ಲಿ ಮುಗಿಸಬೇಕಾದ ಫಸ್ಟ್ ಪಿಯು ಪಾಠಗಳು 37 ಹೋಗಿ 56 ಆದವು. ವಾರಕ್ಕೆ ಎರಡರ ಬದಲು ಹತ್ತಿರ ಹತ್ತಿರ ಮೂರು. ಆ ಮೂರನೆಯದು ಯಾವಾಗಲೂ ಬಯಾಲಜಿ ಇರಲಿ.

ಮಗಾ, ಈಗ ನಿನಗೇ ಬರೆಯುತ್ತೇನೆ. ಅಮ್ಮನ ಲೆಕ್ಕದ ಪ್ರಕಾರ ನಿನಗೆ ಸಂಜೆ ಒಂದೂವರೆ, ಊಟದ ಮೇಲೆ ಒಂದು, ಬೆಳಿಗ್ಗೆ ಮುಕ್ಕಾಲು ಗಂಟೆ ಇದೆ. ದಿನಕ್ಕೆ ಮೂರು ಗಂಟೆ ಹಿಡಿಯೋಣ. ಭಾನುವಾರ ಐದಾರು. ವಾರಕ್ಕೆ 20ರ ಮೇಲೆ ಆಯಿತು. ಸಾಕು. ನಿಜವಾಗಿ ಕೂತ 20 ಗಂಟೆ ಪಿಡಿಎಫ್‌ನಲ್ಲಿ ಬರೆದ 98 ಗಂಟೆಗಿಂತ ದೊಡ್ಡದು.

ಬೆಳಿಗ್ಗೆಯ ಮುಕ್ಕಾಲು ಗಂಟೆ ಫಿಸಿಕ್ಸ್ ಲೆಕ್ಕಕ್ಕೆ. ಥಿಯರಿ ಬೇಡ, ಲೆಕ್ಕ ಮಾತ್ರ. ಕೈ ಓಡುತ್ತಿದ್ದರೆ ನಿದ್ದೆ ಬರುವುದಿಲ್ಲ, ನೀನೇ ಹೇಳಿದ ಹಾಗೆ. ನಿನಗೆ ಕಷ್ಟವಾದ ವಿಷಯಕ್ಕೆ ದಿನದ ಒಳ್ಳೆಯ ಹೊತ್ತು ಸಿಗಬೇಕು. ಮಕ್ಕಳು ಇಷ್ಟದ ವಿಷಯವನ್ನು ಮೊದಲು ತೆಗೆದು, ಬೇಡದ್ದನ್ನು ರಾತ್ರಿ 10ಕ್ಕೆ ನೂಕುತ್ತಾರೆ. ಹತ್ತಕ್ಕೆ ಅದು ನಾಳೆಗೆ ಹೋಗುತ್ತದೆ.

ಸಂಜೆ ಮೊದಲು ಆ ದಿನ ಕಾಲೇಜಿನಲ್ಲಿ ಆದದ್ದು. ನೋಟ್ಸ್ ಚಂದ ಮಾಡುತ್ತ ಕೂರಬೇಡ. ಪುಸ್ತಕದ ಆ ಭಾಗ ಓದು, ಹಿಂದಿನ ಪ್ರಶ್ನೆ ಬಿಡಿಸು. ಊಟದ ಮೇಲೆ ಫಸ್ಟ್ ಪಿಯು. ಕರೆಂಟು ಹೋದರೆ ಚಾರ್ಜ್ ಲೈಟ್ ಇರಲಿ. ಅದೂ ಇಲ್ಲದಿದ್ದರೆ ಮಲಗು. ಚಿಮಣಿ ಬೆಳಕಲ್ಲಿ ಓದಿ ದೊಡ್ಡವರಾದವರ ಕಥೆ ನಿನಗೆ ಬೇಡ, ಕಣ್ಣು ಹಾಳು.

ಬಸ್ಸಿನಲ್ಲಿ ಪುಸ್ತಕ ತೆರೆಯಬೇಡ. ಕಿಟಕಿ ಹೊರಗೆ ನೋಡುತ್ತ ನಿನ್ನೆಯ ಬಯಾಲಜಿ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊ. ಎಲ್ಲಿ ತಡವರಿಸುತ್ತೀಯೋ ಅದನ್ನು ಬಸ್ಸು ಇಳಿದ ಮೇಲೆ ತೆಗೆದು ನೋಡು. ಅರಣ್ಯ ಕಾಲೇಜಿಗೆ ಹೋಗುವವಳಿಗೆ ಆ ದಾರಿಯಲ್ಲಿ ನೋಡಲೂ ಬೇಕಾದಷ್ಟಿದೆ.

ಭಾನುವಾರ ಮುಖ್ಯ. ಸಿಇಟಿ ಪೇಪರ್ ಬೆಳಿಗ್ಗೆ 10.30ರಿಂದ 11.50, ಮಧ್ಯಾಹ್ನ 2.30ರಿಂದ 3.50. ಆ ಹೊತ್ತಿಗೇ ಕೂತು ಬರೆ. ಈಗ ಇಡೀ ಪೇಪರ್ ಬರೆಯಲು ಆಗುವುದಿಲ್ಲ, ಪಾಠವೇ ಆಗಿಲ್ಲ. ಮುಗಿದ ಪಾಠಗಳ ಪ್ರಶ್ನೆಗಳನ್ನು ಹಳೇ ಪತ್ರಿಕೆಗಳಿಂದ ಆರಿಸಿ 30 ಮಾಡಿಕೊ. 40 ನಿಮಿಷ ಇಟ್ಟುಕೊ. ಒಂದು ಪ್ರಶ್ನೆಗೆ ಅದೇ 80 ಸೆಕೆಂಡ್ ಬಂತು. ಮಧ್ಯಾಹ್ನ ಊಟ ಮಾಡಿ 2.30ಕ್ಕೆ ಬರೆಯುವುದು ಸುಲಭ ಅಲ್ಲ, ಅದಕ್ಕೇ ಅಭ್ಯಾಸ ಬೇಕು. ಅದರಲ್ಲೂ ಏಪ್ರಿಲ್ ಸೆಖೆಯಲ್ಲಿ.

ಸೋಮವಾರ ಸಂಜೆ ಹೊಸ ಪಾಠ ಬೇಡ. ಭಾನುವಾರ ತಪ್ಪಿದ್ದನ್ನು ಸರಿಮಾಡುವುದಷ್ಟೇ.

ಹೊನ್ನಾವರ ಮಾಮ · ಜೂನ್ 29

ಎಲ್ಲ ಸರಿ. ಆದರೆ ಒಂದು ವಾರ ಮಳೆ ಹೊಡೆದು ಡಿಸಿ ರಜೆ ಕೊಟ್ಟರೆ ನಿಮ್ಮ ಪಟ್ಟಿ ಎಲ್ಲ ತಲೆಕೆಳಗು.

ಕಾರವಾರ ಗಣಿತ ಮೇಷ್ಟ್ರು · ಜೂನ್ 29

ಮಾರಾಯ್ರೆ, ನಮ್ಮ ಜಿಲ್ಲೆಯವರಿಗೆ ಇರುವ ದೊಡ್ಡ ಅನುಕೂಲವೇ ಅದು! ಮಳೆ ರಜೆಗೆ ಪಟ್ಟಿಯಲ್ಲಿ ಏನೂ ಬರೆಯಬಾರದು. ಹಿಂದೆ ಬಿದ್ದ ಪಾಠ ಹಿಡಿಯಲು ಆ ದಿನ. ಹಿಂದೆ ಬಿದ್ದಿಲ್ಲವಾದರೆ ಹಲಸಿನ ಹಪ್ಪಳ ತಿಂದು ಮಲಗಲಿ.

ಕಾಡುಹಾದಿ · ಜೂನ್ 29

ಶಿರಸಿ ಅರಣ್ಯ ಕಾಲೇಜಿನ ವಿದ್ಯಾರ್ಥಿ ನಾನು. ತಂಗಿಯ ಪೋಸ್ಟ್ ನೋಡಿ ಖುಷಿಯಾಯಿತು. ನಮ್ಮದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು. ಬಿಎಸ್ಸಿ ಅರಣ್ಯ, ನಾಲ್ಕು ವರ್ಷ. ಕೊಡಗಿನ ಪೊನ್ನಂಪೇಟೆಯಲ್ಲೂ ಇದೇ ಕೋರ್ಸ್ ಇದೆ, ಅದನ್ನೂ ಆಯ್ಕೆಯಲ್ಲಿ ಹಾಕಿ. ಸೀಟು ಸಿಇಟಿಯಿಂದಲೇ. ಇಲ್ಲೂ ಪಿಯು ಅಂಕ ಮತ್ತು ಸಿಇಟಿ ಅಂಕ ಅರ್ಧರ್ಧ. ಬಯಾಲಜಿ ಪೇಪರ್ ಬಿಡುವ ಹಾಗಿಲ್ಲ.

ನಿಮ್ಮದು ತೋಟದ ಮನೆ ಅಲ್ವಾ? ಕೃಷಿಕರ ಕೋಟಾ ನೋಡಿ. ಅದಕ್ಕೆ ಅರ್ಜಿ ಹಾಕುವಾಗಲೇ ಕೋಟಾ ಬೇಕು ಎಂದು ಗುರುತು ಮಾಡಬೇಕು, ಕೃಷಿಕ ಕುಟುಂಬ ಎನ್ನುವ ದಾಖಲೆ ಬೇಕು. ಆಮೇಲೆ ಬೇರೆಯಾಗಿ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಇಂಥವು. ಅಡಿಕೆ, ಕಾಳುಮೆಣಸು, ಏಲಕ್ಕಿ ತಂಗಿಗೆ ಕಣ್ಣುಮುಚ್ಚಿ ಗೊತ್ತಿರುತ್ತದೆ. ನಮ್ಮ ಕಡೆಯವರು ಎಡವುವುದು ಬಯಲುಸೀಮೆ ಬೆಳೆಯಲ್ಲಿ. ಸಜ್ಜೆ, ನವಣೆ, ಕುಸುಬೆ ಬೀಜ ಕೈಯಲ್ಲಿ ಕೊಟ್ಟರೆ ಮುಖ ನೋಡುತ್ತಾರೆ. ಹುಬ್ಬಳ್ಳಿ ಕಡೆ ಹೋದಾಗ ಕಾಳಿನ ಅಂಗಡಿಯಲ್ಲಿ ಒಂದೊಂದು ಹಿಡಿ ತಂದು ಡಬ್ಬಿಯಲ್ಲಿ ಹಾಕಿ ಇಡಿ.

ದಾಖಲೆ ಎಂದ ಮೇಲೆ ಇನ್ನೊಂದು. ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಶಾಲೆಗಳಿಂದ ಸರ್ಟಿಫಿಕೇಟು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ. ಈ ಓಡಾಟ ಫೆಬ್ರವರಿಗೆ ಬಂದರೆ ಓದು ಹೋಯಿತು. ದಸರಾ ರಜೆಯ ಹಿಂದೆ ಮುಂದೆ ಮುಗಿಸಿಬಿಡಿ. ಅದೂ ಅಪ್ಪ ಮಾಡಲಿ, ತಂಗಿ ಅಲ್ಲ.

ತೋಟದಮನೆ ಅಮ್ಮ · ಜೂನ್ 30

ಒಂದರಿಂದ ಏಳು ನಮ್ಮೂರ ಶಾಲೆಯಲ್ಲೇ ಕನ್ನಡ ಮಾಧ್ಯಮ, ಎಂಟರಿಂದ ಹತ್ತೂ ಹಳ್ಳಿಯ ಹೈಸ್ಕೂಲೇ. ಇದನ್ನು ಅವರಿಗೆ ತೋರಿಸಿದೆ. ಅಪ್ಪನಿಗೆ ಒಂದು ಕೆಲಸ ಸಿಕ್ಕಿತು.

ಇನ್ನೊಂದು ಪ್ರಶ್ನೆ. ಡಿಸೆಂಬರ್‌ನಿಂದ ಮುಂದೆ ಹೇಗೆ? ಆಮೇಲೆ ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಬರುತ್ತದೆ.

ಮಾಜಾಳಿ ಹಾಸ್ಟೆಲ್ · ಜೂನ್ 30

ಜಾತ್ರೆ ವರ್ಷ ಆದರೆ ಒಂದು ದಿನ ಪೂರ್ತಿ ಹೋಗಿ ಬರಲಿ. ತಡೆದರೆ ಒಂಬತ್ತು ದಿನವೂ ಮನಸ್ಸು ಅಲ್ಲೇ ಇರುತ್ತದೆ.

ಕಾರವಾರ ಗಣಿತ ಮೇಷ್ಟ್ರು · ಜೂನ್ 30

ಡಿಸೆಂಬರ್: ಹೊಸದು ಕಡಿಮೆ. ಅಜ್ಜಿಗೆ ಆರ್ಗ್ಯಾನಿಕ್ ಹೇಳುವುದು ಮುಂದುವರಿಯಲಿ. ತಮಾಷೆಗೆ ಹೇಳುತ್ತಿಲ್ಲ. ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಿದ್ದು ತಲೆಯಲ್ಲಿ ನಿಲ್ಲುತ್ತದೆ. ಆಲ್ಡಿಹೈಡ್, ಅಮೀನ್ ರಿಯಾಕ್ಷನ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಜನವರಿ: ಪ್ರಾಕ್ಟಿಕಲ್ ತಯಾರಿ, ಕಾಲೇಜಿನ ಪ್ರಿಪರೇಟರಿ. ವಿಜ್ಞಾನ ವಿಷಯಗಳಲ್ಲಿ 100ಕ್ಕೆ 30 ಪ್ರಾಕ್ಟಿಕಲ್. ಮ್ಯಾಥ್ಸ್‌ನಲ್ಲಿ 20 ಇಂಟರ್ನಲ್. ಇವು ಕೈಗೆ ಸಿಗುವ ಅಂಕ, ಸಿಇಟಿ ನೆಪದಲ್ಲಿ ಕಳೆದುಕೊಳ್ಳಬೇಡಿ.

ಫೆಬ್ರವರಿ: ಪಿಯು ಮಾತ್ರ. ಸಿಇಟಿ ಪ್ರಶ್ನೆಪತ್ರಿಕೆ ಕಟ್ಟಿ ಇಡಿ. ಬರೆದು ಬರೆದು ಅಭ್ಯಾಸ ಆಗಬೇಕು.

ಮಾಜಾಳಿ ಹಾಸ್ಟೆಲ್ · ಜೂನ್ 30

ಮೇಷ್ಟ್ರೆ, ಇದೊಂದು ಮಾತ್ರ ನಾನು ಒಪ್ಪುವುದಿಲ್ಲ. ಪೂರ್ತಿ ಕಟ್ಟಿ ಇಟ್ಟರೆ ಮಾರ್ಚ್ ಕೊನೆಗೆ ತೆಗೆದಾಗ ಕೈ ಭಾರ ಆಗಿರುತ್ತದೆ. ಈಗ ಪಿಯು ಪತ್ರಿಕೆಯಲ್ಲೇ ಬಹು ಆಯ್ಕೆ ಪ್ರಶ್ನೆಗಳಿವೆ. ಭಾನುವಾರದ ಒಂದು ಪೇಪರ್ ಉಳಿಸಿಕೊಳ್ಳಲಿ, ಸೆಕೆಂಡ್ ಪಿಯು ಪಾಠದ್ದು ಮಾತ್ರ. ಎರಡೂ ಕಡೆ ಕೆಲಸಕ್ಕೆ ಬರುತ್ತದೆ.

ಯಲ್ಲಾಪುರ ಬಯಾಲಜಿ · ಜೂನ್ 30

ನನ್ನ ವೋಟು ಮಾಜಾಳಿಗೆ.

ಕಾರವಾರ ಗಣಿತ ಮೇಷ್ಟ್ರು · ಜೂನ್ 30

ಆಯಿತು, 40 ನಿಮಿಷದ್ದು ಒಂದು ಇರಲಿ. ಅದಕ್ಕಿಂತ ಹೆಚ್ಚು ಬೇಡ. ನಾನು ಹೇಳುವುದು ಯಾಕೆಂದರೆ ಗುಂಡಿ ತುಂಬಿ ರೂಢಿಯಾದ ಮಕ್ಕಳು ಪಿಯುನಲ್ಲಿ ಹಂತಗಳನ್ನೇ ಬಿಟ್ಟು ನೇರ ಉತ್ತರ ಬರೆಯುತ್ತಾರೆ. ಮೌಲ್ಯಮಾಪನಕ್ಕೆ ಕೂತಾಗ ನೋಡಿದ್ದೇನೆ. ಉತ್ತರ ಸರಿ, ಐದಕ್ಕೆ ಎರಡೇ ಅಂಕ.

ಪಿಯು ಮಾರ್ಚ್‌ನಲ್ಲಿ ಮುಗಿದ ಮೇಲೆ ಸಿಇಟಿಗೆ ಹೆಚ್ಚು ಕಡಿಮೆ ಒಂದು ತಿಂಗಳು ಸಿಗುತ್ತದೆ. ದಿನಾಂಕ ಪ್ರತಿ ವರ್ಷ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಪ್ರಾಧಿಕಾರದ ಪ್ರಕಟಣೆ ನೋಡಿಕೊಳ್ಳಿ. ಆ ತಿಂಗಳು ಪೂರ್ತಿ ಪೇಪರುಗಳಿಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ನಡುವೆ ತಪ್ಪಿದ್ದರ ತಿದ್ದುಪಡಿ. ಓಎಂಆರ್ ನಮೂನೆ ಪ್ರಿಂಟ್ ಹಾಕಿಸಿ ಪೆನ್ನಿನಲ್ಲೇ ತುಂಬಿ. ಒಮ್ಮೆ ತುಂಬಿದ್ದನ್ನು ತಿದ್ದುವ ಹಾಗಿಲ್ಲ, ಆ ಹೆದರಿಕೆಯೂ ರೂಢಿಯಾಗಬೇಕು.

ಅಂಕೋಲೆ ಅಪ್ಪ · ಜುಲೈ 1

ಎಲ್ಲ ಓದಿದೆ. ನನ್ನ ಮಗ ಹೋದ ಸಲ ಪಿಯು ಕೆಮಿಸ್ಟ್ರಿಯಲ್ಲಿ ಅಂದುಕೊಂಡಷ್ಟು ಬರಲಿಲ್ಲ ಎಂದು ಅಳುತ್ತ ಕೂತು ಸಿಇಟಿ ಓದನ್ನೇ ನಿಲ್ಲಿಸಿದ್ದ. ಈಗ ಪಿಯುಗೆ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬರುತ್ತದೋ ಆ ಅಂಕ ಉಳಿಯುತ್ತದೆ ಎಂದು ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಅವನ ಮೇಷ್ಟ್ರೇ ಫೋನ್ ಮಾಡಿ ಹೇಳಿದರು, ಮೊದಲು ಸಿಇಟಿ ಬರೆ, ಆಮೇಲೆ ಪರೀಕ್ಷೆ 2 ನೋಡೋಣ ಎಂದು. ಹಾಗೇ ಮಾಡಿದ. ಕೆಮಿಸ್ಟ್ರಿ ಸುಧಾರಿಸಿತು. ಈ ತಂಗಿಗೆ ಬೇಕಾಗಲಿಕ್ಕಿಲ್ಲ, ಗೊತ್ತಿರಲಿ ಅಂತ ಬರೆದೆ.

ಹೊನ್ನಾವರ ಮಾಮ · ಜುಲೈ 1

ನಾನೂ ಎಲ್ಲ ಓದಿದೆ. ತಮ್ಮನ ಮಗ ಈಗ ಫಸ್ಟ್ ಪಿಯು, ಹೊನ್ನಾವರದಲ್ಲೇ. ಅವನಿಗೂ ಇದೇ ಪಟ್ಟಿ ನಡೆಯುತ್ತದಾ?

ಮಾಜಾಳಿ ಹಾಸ್ಟೆಲ್ · ಜುಲೈ 1

ವಸತಿ ಕಾಲೇಜಿಗೆ ಹಾಕಲಿಲ್ವಾ ಮಾಮ? 😄

ಹೊನ್ನಾವರ ಮಾಮ · ಜುಲೈ 1

ಫೀಸು ಕೇಳಿ ತಮ್ಮ ಫೋನ್ ಇಟ್ಟುಬಿಟ್ಟ ಮಾರಾಯ್ತಿ.

ಕಾರವಾರ ಗಣಿತ ಮೇಷ್ಟ್ರು · ಜುಲೈ 1

ಫಸ್ಟ್ ಪಿಯು ಹುಡುಗನಿಗೆ ಪಟ್ಟಿ ಬೇಡ. ಅವತ್ತಿನ ಪಾಠ ಅವತ್ತೇ ಓದಿ, ಪಾಠ ಮುಗಿದಾಗ ಅದರ ಸಿಇಟಿ ಪ್ರಶ್ನೆಗಳನ್ನು ಬಿಡಿಸಿದರೆ ಸಾಕು. ಮುಂದಿನ ವರ್ಷ ಈ ತಂಗಿಯ ಅರ್ಧ ಕೆಲಸ ಅವನಿಗೆ ಇರುವುದಿಲ್ಲ. ಬೇರೆ ಏನಾದರೂ ಇದ್ದರೆ ಹೊಸದಾಗಿ ಚರ್ಚೆ ತೆರೆಯಿರಿ, ಇಲ್ಲಿ ಕಲಸುಮೇಲೋಗರ ಆಗುತ್ತದೆ.

ತೋಟದಮನೆ ಮಗಳು · ಜುಲೈ 6

ಇವತ್ತು ಭಾನುವಾರ. ಮೊದಲ 30 ಪ್ರಶ್ನೆ ಮಾಡಿದೆ, ಫಿಸಿಕ್ಸ್. ಯೂನಿಟ್ಸ್ ಮತ್ತು ಸರಳರೇಖೆಯ ಮೋಷನ್, ಎರಡೇ ಪಾಠ. 40 ನಿಮಿಷದಲ್ಲಿ 22 ಮುಟ್ಟಿದೆ. 13 ಸರಿ. ಉಳಿದ 8ಕ್ಕೆ ಸುಮ್ನೆ ಸಿ ತುಂಬಿದೆ, ಅದರಲ್ಲಿ 3 ಸರಿ ಬಂತು. ಅಮ್ಮನಿಗೆ 16 ಅಂತ ಹೇಳಿದ್ದೇನೆ.

ಕಾರವಾರ ಗಣಿತ ಮೇಷ್ಟ್ರು · ಜುಲೈ 6

ನಮ್ಮ ಲೆಕ್ಕಕ್ಕೆ 13. ತಪ್ಪಿದ 9 ಪ್ರಶ್ನೆಗಳನ್ನು ಮೂರು ಗುಂಪು ಮಾಡು: ಪಾಠವೇ ಅರ್ಥವಾಗದ್ದು, ಗೊತ್ತಿದ್ದೂ ಲೆಕ್ಕದಲ್ಲಿ ತಪ್ಪಿದ್ದು, ಪ್ರಶ್ನೆ ಸರಿಯಾಗಿ ಓದದೆ ತಪ್ಪಿದ್ದು. ಒಂದೊಂದರಲ್ಲಿ ಎಷ್ಟೆಷ್ಟು ಅಂತ ನಾಳೆ ಸಂಜೆ ಇಲ್ಲಿ ಹಾಕು. ಮೊದಲ ಗುಂಪು ಜಾಸ್ತಿ ಇದ್ದರೆ ಈ ವಾರ ಮೋಷನ್ ಪಾಠವೇ ಮತ್ತೊಮ್ಮೆ, ಹೊಸದು ಒಂದೇ.

ತೋಟದಮನೆ ಮಗಳು · ಜುಲೈ 7

4, 3, 2. ಆ ಎರಡರಲ್ಲೂ "ಅಲ್ಲ" ಎನ್ನುವುದನ್ನು ಓದಿರಲಿಲ್ಲ. ಇವತ್ತು ಮಳೆ ರಜೆ ಸರ್, ಮೋಷನ್ ತೆಗೆದಿದ್ದೇನೆ.